ಪರ–ವಿರೋಧ: ರೋಗಪತ್ತೆಗೆ ಹೊಳೆಯುವ ಇಂಗಾಲದ ಕಣಗಳನ್ನು ನೆಚ್ಚಬಹುದೇ?

ಪರ

‘ಹೌದು’ ಎನ್ನುವ ಪಕ್ಷ ನನ್ನ ಪಾಲಿಗೆ ಬಂದಿದೆ. ಒಂದೆರಡು ಅನುಮಾನಗಳನ್ನು ಬದಿಗಿಟ್ಟು ಬರೆಯುತ್ತಿದ್ದೇನೆ. 2004ರಲ್ಲಿ ಇಂಗಾಲದ ನ್ಯಾನೋಕೊಳವೆಗಳನ್ನು ಶುದ್ಧೀಕರಿಸುವಾಗ ಆಕಸ್ಮಿಕವಾಗಿ ಸಿಕ್ಕ, ಸಾಮಾನ್ಯವಾಗಿ 10 ನ್ಯಾನೋಮೀಟರಿಗಿಂತ ಚಿಕ್ಕದಾದ ‘ಕಾರ್ಬನ್ ಡಾಟ್’ ಎಂಬ ಇಂಗಾಲದ ಕಣಗಳು ಅತಿನೇರಳೆ ಬೆಳಕಿನಲ್ಲಿ ಹೊಳೆಯುತ್ತವೆ. ಕಬ್ಬಿಣದ ಅಯಾನು ಬೆರೆತರೆ ಹೊಳಪು ಕುಗ್ಗುತ್ತದೆ; ಆ ಇಳಿಕೆಯನ್ನು ಅಳೆದು ಕಬ್ಬಿಣದ ಪ್ರಮಾಣವನ್ನು ಲೆಕ್ಕ ಹಾಕಬಹುದು; ಹಾಗೆಯೇ ರಕ್ತದಲ್ಲಿ ಕಬ್ಬಿಣದ ಕೊರತೆಯನ್ನೂ ಪತ್ತೆ ಮಾಡಬಹುದೆಂಬುದು ನಿರೀಕ್ಷೆ. 2023ರಲ್ಲಿ ನೊಬೆಲ್ ಗೌರವ ದೊರೆತ ಕ್ವಾಂಟಮ್ ಡಾಟ್‌ಗಳಲ್ಲಿ (ಇವೂ ಹೊಳೆಯುವ ನ್ಯಾನೋಕಣಗಳೇ) ಹೆಚ್ಚು ಪರಿಚಿತವಾದವುಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹವಿದೆ, ಇಲ್ಲಿ ಅದಿಲ್ಲ. ಸಿಟ್ರಿಕ್ ಆಮ್ಲ, ಯೂರಿಯಾ, ಒಂದು ಓವನ್ ಇದ್ದರೆ ಸಣ್ಣ ಕಾಲೇಜೂ ಇವನ್ನು ತಯಾರಿಸಬಹುದು. ಇಷ್ಟು ಅಗ್ಗದ ವಸ್ತುವನ್ನು ಕೈಬಿಡುವುದು ಜಾಣತನವಲ್ಲ.

ವಿರೋಧ

ಅಗ್ಗ, ವಿಷವಿಲ್ಲ ಎಂಬೆರಡು ಮಾತುಗಳನ್ನು ಕೇಳಿ ಕೇಳಿ ಸಾಕಾಗಿದೆ. ಮಜ್ಜಿಗೆಯೂ ಅಗ್ಗ, ಅದರಲ್ಲೂ ವಿಷವಿಲ್ಲ; ಹಾಗೆಂದು ಯಾರೂ ಅದರಿಂದ ರಕ್ತಪರೀಕ್ಷೆ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕರಿಬೇವಿನ ರಸವನ್ನು ಆಟೋಕ್ಲೇವ್ ಎಂಬ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ 180 ಡಿಗ್ರಿಗೆ ಕಾಯಿಸಿ, ಬಂದ ಕಂದು ದ್ರಾವಣವನ್ನು ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲಕ್ಕೆ ತುಂಬಿ, ರಾತ್ರಿಯಿಡೀ ಬೀಕರಿನ ನೀರಿನಲ್ಲಿ ಇಳಿಬಿಟ್ಟಿದ್ದಳು. ಬೆಳಿಗ್ಗೆ ಅತಿನೇರಳೆ ದೀಪ ಹಿಡಿದರೆ ಚೀಲದೊಳಗಿನದು ಮಂಕು, ಹೊರಗಿನ ನೀರು ಮಾತ್ರ ಗಾಢ ನೀಲಿ! “ಸರ್, ಪ್ರಬಂಧಕ್ಕೆ ಹೊರಗಿನ ನೀರನ್ನೇ ಹಾಕೋಣವೇ?” ಎಂದು ಅವಳ ಗೆಳತಿ ಕೇಳಿದಳು. ಬೆಳಗುತ್ತಿದ್ದುದರಲ್ಲಿ ಬಹುಪಾಲು ಚೀಲದ ಸೂಕ್ಷ್ಮ ರಂಧ್ರಗಳಿಂದ ನುಸುಳಿದ ಸಣ್ಣ ಅಣುಗಳು, ಕಣಗಳಲ್ಲ. ಸಿಟ್ರಿಕ್ ಆಮ್ಲದಿಂದ ತಯಾರಿಸುವಾಗಲೂ ಇಂಥ ಅಣುಗಳು ಹುಟ್ಟುತ್ತವೆ ಎಂಬುದು ಪ್ರಕಟಿತ ಅಧ್ಯಯನಗಳಿಂದ ಗೊತ್ತಾಗಿರುವ ಸಂಗತಿ. ಆದರೂ ಶುದ್ಧೀಕರಣವನ್ನು ಒಂದೇ ಸಾಲಿನಲ್ಲಿ ಮುಗಿಸುವ ಪ್ರಬಂಧಗಳು ಬರುತ್ತಲೇ ಇವೆ.

ರಕ್ತದ ವಿಷಯ ಇನ್ನೂ ಜಟಿಲ. ನಮ್ಮ ಕಬ್ಬಿಣವು ಹಿಮೋಗ್ಲೋಬಿನ್, ಟ್ರಾನ್ಸ್‌ಫೆರಿನ್‌ನಂಥ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಭಟ್ಟಿ ಇಳಿಸಿದ ನೀರಿಗೆ ಕಬ್ಬಿಣದ ಲವಣ ಬೆರೆಸಿ ಪಡೆದ ಚೆಂದದ ಗ್ರಾಫ್ ಅಲ್ಲಿ ಕೆಲಸಕ್ಕೆ ಬಾರದು. ಹಿಮೋಗ್ಲೋಬಿನ್ ನೀಲಿ ಬೆಳಕನ್ನು ತಾನೇ ಹೀರುತ್ತದೆ, ರಕ್ತದ ತಿಳಿದ್ರವವಾದ ಸೀರಮ್ ಅತಿನೇರಳೆಯಲ್ಲಿ ತಾನೂ ಮಸುಕಾಗಿ ಹೊಳೆಯುತ್ತದೆ, ತಾಮ್ರ, ಪಾದರಸಗಳೂ ಹಲವು ಬಗೆಯ ಡಾಟ್‌ಗಳ ಹೊಳಪನ್ನು ತಗ್ಗಿಸುತ್ತವೆ. ಹೊಳಪು ಇಳಿದದ್ದು ಯಾವುದರಿಂದ ಎಂದು ಹೇಳುವವರು ಯಾರು? ವಿಕ್ಟೋರಿಯಾ ಆಸ್ಪತ್ರೆಯ ಸಾಲಿನಲ್ಲಿ ನಿಂತ ರೋಗಿಗೆ ಬೇಕಿರುವುದು ಕಬ್ಬಿಣದ ಕೊರತೆ ಇದೆಯೋ ಇಲ್ಲವೋ ಎಂಬ ಉತ್ತರ. ದೇಹದ ಕಬ್ಬಿಣದ ಸಂಗ್ರಹವನ್ನು ತೋರುವ ಫೆರಿಟಿನ್ ಪರೀಕ್ಷೆ ಇಂದು ಆ ಕೆಲಸ ಮಾಡುತ್ತಿದೆ. ಒಂದೇ ವಿಧಾನದಲ್ಲಿ ತಯಾರಾದ ಎರಡು ಬಾಟಲಿಗಳು ಒಂದೇ ಸೀರಮ್‌ಗೆ ಒಂದೇ ಅಂಕಿ ಕೊಡುವವರೆಗೆ ಅದರ ಜಾಗಕ್ಕೆ ಡಾಟ್‌ಗಳನ್ನು ತರುವ ಮಾತು ಬೇಡ.