ಆಯುಧ ಕೊಟ್ಟವರು ಯಾರು ಅಂತ ಮಾತ್ರ ಕೇಳುವ ಗೆಳೆಯರಿಗೆ

ಉಕ್ರೇನ್ ಮೇಲೆ ರಷ್ಯಾ ಮಾಡಿದ ದಾಳಿಯ ವಿಷಯ ಬಂದರೆ ಸಾಕು, ನಮ್ಮ ಎಡಪಂಥೀಯ ಗೆಳೆಯರ ಮಾತು ನೇರವಾಗಿ ಅಮೆರಿಕ ಮುಂದಾಳತ್ವದ ಸೈನಿಕ ಕೂಟ ನೇಟೋಗೆ ಹೋಗುತ್ತದೆ. ನೇಟೋ ಪೂರ್ವಕ್ಕೆ ಹಬ್ಬಿತು, ಅಮೆರಿಕ ಕೆಣಕಿತು, ರಷ್ಯಾ ಇನ್ನೇನು ಮಾಡಬೇಕಿತ್ತು ಅನ್ನುತ್ತಾರೆ. ನೇಟೋ ಮೇಲೆ ನನಗೂ ಪ್ರೀತಿಯಿಲ್ಲ. ಯುಗೊಸ್ಲಾವಿಯಾ, ಲಿಬಿಯಾ ಮೇಲೆ ಅದು ಹಾಕಿದ ಬಾಂಬುಗಳನ್ನು ನಾನು ಮರೆತಿಲ್ಲ. ಆದರೆ ಈ ವಾದದಲ್ಲಿ ವಾಷಿಂಗ್ಟನ್ ಇದೆ, ಮಾಸ್ಕೋ ಇದೆ, ಸುಮಾರು ನಾಲ್ಕು ಕೋಟಿ ಉಕ್ರೇನಿಯನ್ನರು ಮಾತ್ರ ಎಲ್ಲೂ ಇಲ್ಲ ಅಲ್ವಾ?

ಸ್ವತಂತ್ರ ದೇಶ ಕೇಳುವ ಜನರನ್ನು ಬೆಂಬಲಿಸಬೇಕೇ ಅನ್ನುವ ಎಡಪಂಥೀಯರ ಈ ಜಗಳ ಹೊಸದಲ್ಲ. ಪೋಲೆಂಡಿನಲ್ಲೇ ಹುಟ್ಟಿದ ಸಮಾಜವಾದಿ ನಾಯಕಿ ರೋಸಾ ಲಕ್ಸೆಂಬರ್ಗ್ ಪೋಲೆಂಡಿನ ಸ್ವಾತಂತ್ರ್ಯದ ಬೇಡಿಕೆಯನ್ನು ವಿರೋಧಿಸಿದ್ದರು. ದೇಶದ ಹೆಸರಲ್ಲಿ ಹೊರಟರೆ ಕಾರ್ಮಿಕರು ತಮ್ಮ ತಮ್ಮ ಮಾಲೀಕರ ಹಿಂದೆ ಹೋಗುತ್ತಾರೆ ಅನ್ನುವ ಆತಂಕ ಅವರದ್ದು. ಸುಮ್ನೆ ಹುಟ್ಟಿದ ಆತಂಕವಲ್ಲ ಅದು. 1914ರ ಆಗಸ್ಟ್ 4ರಂದು ಜರ್ಮನಿಯ ಕಾರ್ಮಿಕರ ಪಕ್ಷವಾಗಿದ್ದ ಸೋಷಿಯಲ್ ಡೆಮಾಕ್ರಾಟರು ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಒಪ್ಪಿಗೆ ಕೊಟ್ಟರು. ಡಿಸೆಂಬರ್‌ನಲ್ಲಿ ಮತ್ತೆ ಮತಕ್ಕೆ ಬಂದಾಗ ವಿರೋಧವಾಗಿ ಮತ ಹಾಕಿದ್ದು ಅದೇ ಪಕ್ಷದ ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರೇ. ಯುದ್ಧಕ್ಕೆ ಬೆಂಬಲ ಅಂದ ಕೂಡಲೇ ನಮ್ಮವರು ಹಿಂಜರಿಯುವುದಕ್ಕೆ ಈ ಇತಿಹಾಸ ಕಾರಣ. ಆ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ.

ಲೆನಿನ್ ಬೇರೆ ದಾರಿ ಹಿಡಿದರು. ತುಳಿತಕ್ಕೆ ಸಿಕ್ಕ ಜನರಿಗೆ ಬೇರೆಯಾಗುವ ಹಕ್ಕೂ ಇರಬೇಕು, ಉಕ್ರೇನಿಗೂ ಅದು ಸಲ್ಲಬೇಕು ಅಂದರು. ಲಕ್ಸೆಂಬರ್ಗ್ 1918ರಲ್ಲೂ ಉಕ್ರೇನಿನ ರಾಷ್ಟ್ರೀಯತೆಯನ್ನು ಒಂದಷ್ಟು ಪ್ರೊಫೆಸರು, ವಿದ್ಯಾರ್ಥಿಗಳ ಹುಚ್ಚು ಅಂತ ತಳ್ಳಿಹಾಕಿದ್ದರು. ಈಗ 2022ಕ್ಕೆ ಬನ್ನಿ. ಫೆಬ್ರವರಿ 21ರ ಭಾಷಣದಲ್ಲಿ ಪುಟಿನ್ ಉಕ್ರೇನನ್ನು ಸೃಷ್ಟಿ ಮಾಡಿದ್ದೇ ಲೆನಿನ್ ಅಂತ ಹರಿಹಾಯ್ದರು. ಮೂರೇ ದಿನಕ್ಕೆ ಸೈನ್ಯ ಗಡಿ ದಾಟಿತು. ಕಚೇರಿಯ ಗೋಡೆಯಲ್ಲಿ ಲೆನಿನ್ ಫೋಟೋ ಇಟ್ಟುಕೊಂಡ ಪಕ್ಷಗಳು ಈ ಭಾಷಣವನ್ನು ಇಷ್ಟು ಸುಲಭವಾಗಿ ಹೇಗೆ ದಾಟಿ ಹೋದವು? ನನಗಂತೂ ನೋವಾಗುತ್ತದೆ. ಸಿಪಿಐ(ಎಂ) ಯುದ್ಧ ನಿಲ್ಲಲಿ ಅಂದಿತು ನಿಜ, ಆದರೆ ಅದರ ಬೆರಳು ಜಾಸ್ತಿ ತೋರಿಸಿದ್ದು ನೇಟೋ ಕಡೆಗೇ. ಸಿಪಿಐ(ಎಂಎಲ್) ಲಿಬರೇಶನ್‌ನ ಉನ್ನತ ಸಮಿತಿ ಪಾಲಿಟ್‌ಬ್ಯೂರೋದಲ್ಲಿದ್ದ ಕವಿತಾ ಕೃಷ್ಣನ್ ಅದೇ ವರ್ಷ ಹುದ್ದೆಗಳನ್ನು ಬಿಟ್ಟು ಹೊರಬರಲು ಉಕ್ರೇನ್ ಕೂಡ ಒಂದು ಕಾರಣವಾಗಿತ್ತು.

ಅಮೆರಿಕದ ಆಯುಧ ಹಿಡಿದು ಮಾಡುವುದು ಎಂಥ ಬಿಡುಗಡೆ ಹೋರಾಟ ಅಂತ ಕೇಳುವವರು ಐರ್ಲೆಂಡ್ ಕಡೆ ನೋಡಬೇಕು. 1916ರ ಈಸ್ಟರ್‌ನಲ್ಲಿ ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದವರಿಗಾಗಿ ಹಡಗಿನಲ್ಲಿ ಬಂದೂಕು ಕಳಿಸಿದ್ದು ಆಗ ಬ್ರಿಟನ್ ವಿರುದ್ಧ ಯುದ್ಧದಲ್ಲಿದ್ದ ಕೈಸರ್ ಚಕ್ರವರ್ತಿಯ ಜರ್ಮನಿ. ಆ ಬಂದೂಕುಗಳು ಅವರ ಕೈಸೇರಲೇ ಇಲ್ಲ, ಅದು ಬೇರೆ ಮಾತು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಜೇಮ್ಸ್ ಕಾನಲಿ ಕಾರ್ಮಿಕ ನಾಯಕ, ಸಮಾಜವಾದಿ. ಗಾಯಗೊಂಡು ನಿಲ್ಲಲೂ ಆಗದ ಅವರನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿಟ್ಟು ಕೊಂದರು. ಆಗಲೂ ಎಡಪಂಥೀಯರಲ್ಲೇ ಕೆಲವರು ಇದು ಬರೀ ಪುಂಡಾಟ ಅನ್ನುವ ಹಾಗೆ ಮಾತಾಡಿದರು. ಅದೇ ವರ್ಷ ಲೆನಿನ್ ಬರೆದದ್ದರ ಸಾರ ಇದು: ಒಂದು ಸಾಮ್ರಾಜ್ಯದ ವಿರುದ್ಧ ನಡೆಯುವ ಹೋರಾಟವನ್ನು ಇನ್ನೊಂದು ಸಾಮ್ರಾಜ್ಯ ತನ್ನ ಲಾಭಕ್ಕೆ ಬಳಸಿಕೊಳ್ಳಬಹುದು, ಅಷ್ಟು ಮಾತ್ರಕ್ಕೆ ಆ ಜನರ ಸ್ವಯಂ ನಿರ್ಣಯದ ಹಕ್ಕನ್ನು ನಾವು ಕೈಬಿಡುವಂತಿಲ್ಲ.

ಪ್ಯಾಲೆಸ್ಟೀನ್ ವಿಷಯದಲ್ಲಿ ನಾವೆಲ್ಲ ಇದನ್ನೇ ತಾನೇ ಹೇಳುವುದು? ಹಮಾಸ್ ರಾಜಕೀಯ ನಮಗೆ ಒಪ್ಪಿಗೆಯಿಲ್ಲ, ಇರಾನ್ ಕೊಡುವ ಆಯುಧವನ್ನೂ ನಾವು ಹೊಗಳುವುದಿಲ್ಲ, ಆದರೂ ಪ್ಯಾಲೆಸ್ಟೀನಿಯರ ಹಕ್ಕನ್ನು ಬಿಡುವುದಿಲ್ಲ. ಝೆಲೆನ್‌ಸ್ಕಿ ಸರ್ಕಾರ ಇಷ್ಟವಿಲ್ಲ ಅಂತ ಉಕ್ರೇನಿಯನ್ನರ ಹಕ್ಕನ್ನು ಮಾತ್ರ ಯಾಕೆ ಬಿಡಬೇಕು?

ಪೂರ್ವ ಉಕ್ರೇನಿನ ಡೊನ್‌ಬಾಸ್, ಅಂದರೆ ಡೊನೆಟ್‌ಸ್ಕ್, ಲುಹಾನ್‌ಸ್ಕ್ ಪ್ರದೇಶದ ಜನರ ಹಕ್ಕಿನ ಕತೆ ಏನು ಅಂತ ಒಬ್ಬ ಗೆಳೆಯರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. 1991ರ ಡಿಸೆಂಬರ್ 1ರ ಜನಮತದಲ್ಲಿ ಡೊನೆಟ್‌ಸ್ಕ್, ಲುಹಾನ್‌ಸ್ಕ್‌ನಲ್ಲೂ ಮತ ಹಾಕಿದವರಲ್ಲಿ 80%ಗಿಂತ ಜಾಸ್ತಿ ಜನ ಸ್ವತಂತ್ರ ಉಕ್ರೇನ್ ಬೇಕು ಅಂದರು. ಆಮೇಲೆ ಕೆಲವರ ಮನಸ್ಸು ಬದಲಾಗಿರಬಹುದು, 2014ರಲ್ಲಿ ಕೀವ್ ಸರ್ಕಾರದ ಮೇಲೆ ಅಲ್ಲಿ ಸಿಟ್ಟೂ ಇತ್ತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ, ಅರ್ಧಕ್ಕರ್ಧ ಊರು ಖಾಲಿಯಾಗಿರುವಾಗ, ರಷ್ಯಾಕ್ಕೆ ಸೇರುವ ಬಗ್ಗೆ ಬಂದೂಕು ಹಿಡಿದವರ ಎದುರು ಹಾಕಿಸಿದ ಮತವನ್ನು ನಾನು ಜನರ ತೀರ್ಮಾನ ಅಂತ ಒಪ್ಪಲಾರೆ.

ಉಕ್ರೇನಿನಲ್ಲೇ ಎಡಪಂಥೀಯರು ಇದ್ದಾರೆ ಅನ್ನುವುದು ನಮ್ಮ ಚರ್ಚೆಗಳಲ್ಲಿ ಬರುವುದೇ ಇಲ್ಲ. ಸೊತ್ಸಿಯಾಲ್ನಿ ರುಖ್ ಅನ್ನುವ ಸಮಾಜವಾದಿ ಸಂಘಟನೆ ರಷ್ಯಾದ ದಾಳಿಯನ್ನು ವಿರೋಧಿಸುತ್ತದೆ, ಅದರ ಸದಸ್ಯರು ಸೈನ್ಯಕ್ಕೂ ಸೇರಿದ್ದಾರೆ. 250 ಜನರವರೆಗಿನ ಕಂಪನಿಗಳ ಕಾರ್ಮಿಕರ ರಕ್ಷಣೆಯನ್ನು ಸಡಿಲ ಮಾಡುವ ಕಾನೂನಿಗೆ 2022ರ ಆಗಸ್ಟ್‌ನಲ್ಲಿ ಝೆಲೆನ್‌ಸ್ಕಿ ಸಹಿ ಹಾಕಿದರು. ಅದರ ವಿರುದ್ಧವೂ ಇವರೇ ದನಿ ಎತ್ತಿದರು. ಉಕ್ರೇನಿನ ವಿದೇಶಿ ಸಾಲ ರದ್ದಾಗಲಿ ಅಂತಲೂ ಇವರು ಕೇಳುತ್ತಿದ್ದಾರೆ. ನಮ್ಮ ಯೂನಿಯನ್‌ಗಳು ಈ ಬೇಡಿಕೆಯನ್ನು ಬೆಂಬಲಿಸಿ ಒಂದು ಠರಾವು ಮಾಡಲು ನೇಟೋ ಪರ ನಿಲ್ಲಬೇಕಾಗಿಲ್ಲ. ನಿಮ್ಮ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತನ್ನಿ.