ಬಣವೆಗೆ ಬಿದ್ದರೆ ಕ್ಷಿಪಣಿ

ವಿಜಯಪುರದ ಗಾಂಧಿ ಚೌಕದ ಹತ್ತಿರ ನಾನು ದಿನಾ ಚಹಾ ಕುಡಿಯುವ ಹೋಟೆಲಿನಲ್ಲಿ ಒಂದು ಟಿವಿ ಇದೆ. ಅದರ ಧ್ವನಿ ತಗ್ಗಿಸುವ ಗುಂಡಿ ಕಿತ್ತುಹೋಗಿ ವರ್ಷವಾಯಿತು. ಏರಿಸುವ ಗುಂಡಿ ಮಾತ್ರ ಗಟ್ಟಿಯಾಗಿದೆ.

2025ರ ಮೇ 18, ಭಾನುವಾರ. ಬೆಳಗಿನ 5:59ಕ್ಕೆ ಶ್ರೀಹರಿಕೋಟಾದಿಂದ ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿ ಹಾರಿತು. ಮೇಲೆ ಕೂತಿದ್ದದ್ದು ಭೂಮಿಯ ಚಿತ್ರ ತೆಗೆಯುವ ರೇಡಾರ್ ಉಪಗ್ರಹ. ಆದರೆ ಟಿವಿ ಪರದೆಯಲ್ಲಿ ರಾಕೆಟ್ ಒಂದು ಮೂಲೆಗೆ ಸರಿದಿತ್ತು. ಉಳಿದ ಜಾಗದಲ್ಲೆಲ್ಲ ಟ್ಯಾಂಕು, ಯುದ್ಧವಿಮಾನ, ಬೆಂಕಿ ಉಗುಳುವ ಕ್ಷಿಪಣಿ. ನಿರೂಪಕರ ಕತ್ತಿನ ನರ ಉಬ್ಬಿತ್ತು. "ಶತ್ರುವಿಗೆ ನಡುಕ!" ಎನ್ನುತ್ತಿದ್ದರು.

ನನ್ನ ಪಕ್ಕ ಕೂತಿದ್ದ ರೈತರೊಬ್ಬರು ಬಸಿಯಲ್ಲಿ ಚಹಾ ಸುರುವಿಕೊಂಡು ಕೇಳಿದರು: "ಅಲ್ರೀ ಸರ, ಇವ್ರು ಈಗ ಫೋಟೋ ತೆಗಿಯಾಕ ಹೊಂಟಾರೋ, ಬಾಂಬ್ ಹಾಕಾಕ ಹೊಂಟಾರೋ?"

ಅಷ್ಟರಲ್ಲಿ ರಾಕೆಟ್ಟಿನ ಮೂರನೇ ಹಂತದಲ್ಲಿ ಒತ್ತಡ ಕುಸಿಯಿತು, ಉಪಗ್ರಹ ಕಕ್ಷೆ ಸೇರಲಿಲ್ಲ. ಇಸ್ರೋ ಅಧ್ಯಕ್ಷರು ಅದನ್ನು ನೇರವಾಗಿಯೇ ಹೇಳಿದರು. ನಿರೂಪಕರು ಮಾತ್ರ ಒಂದು ಗುಟುಕು ನೀರು ಕುಡಿದು ಬಂಗಾರದ ದರಕ್ಕೆ ಹೊರಳಿದರು. ನಡುಗುತ್ತಿದ್ದ ಶತ್ರು ಏನಾದನೋ, ಯಾರೂ ವಿಚಾರಿಸಲಿಲ್ಲ.

ನಾನು ರೈತರಿಗೆ ತಿಳಿಸಲು ಹೋದೆ. ಅವರೇ ಮುಂದಾದರು: "ಟ್ರ್ಯಾಕ್ಟರ್ ಇದ್ದಂಗ ಹೌದಿಲ್ರಿ? ಕಬ್ಬು ಹೇರಿದ್ರ ಕಾರ್ಖಾನಿಗೆ, ಮಂದಿ ಹೇರಿದ್ರ ಜಾತ್ರಿಗೆ. ಇಂಜಿನ್ ಅದೇ."

ಇದಕ್ಕಿಂತ ಚೆನ್ನಾಗಿ ಹೇಳಿದ ಪ್ಯಾನಲ್ ಚರ್ಚೆಯನ್ನು ನಾನು ನೋಡಿಲ್ಲ. 1957ರಲ್ಲಿ ಜಗತ್ತಿನ ಮೊದಲ ಉಪಗ್ರಹ ಸ್ಪುಟ್ನಿಕ್ ಹೊತ್ತು ಹಾರಿದ ಸೋವಿಯತ್ ರಾಕೆಟ್ ಆರ್-7 ಮೊದಲು ಖಂಡಾಂತರ ಕ್ಷಿಪಣಿ ಅಂತಲೇ ತಯಾರಾದದ್ದು. ನಮ್ಮಲ್ಲಿ ದಾರಿ ಉಲ್ಟಾ. 1980ರಲ್ಲಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3ರ ಮೊದಲ ಹಂತವೇ 1989ರಲ್ಲಿ ಅಗ್ನಿ ಕ್ಷಿಪಣಿಯ ಮೊದಲ ಹಂತವಾಯಿತು. ವ್ಯತ್ಯಾಸ ಇರುವುದು ತಲೆಯ ಮೇಲಿನ ಹೇರಿನಲ್ಲಿ, ಹೋಗುವ ದಾರಿಯಲ್ಲಿ. ಉಪಗ್ರಹ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಓಡಬೇಕು, ಬೀಳುತ್ತಲೇ ಇದ್ದರೂ ನೆಲ ಸಿಗಬಾರದು. ಕ್ಷಿಪಣಿಯ ಸಿಡಿತಲೆಗೆ ನೆಲವೇ ಬೇಕು. ವಾತಾವರಣಕ್ಕೆ ವಾಪಸ್ ನುಗ್ಗುವಾಗಿನ ಕಾವಿಗೆ ಸುಟ್ಟುಹೋಗದ ಕವಚವೂ ಬೇಕು.

ಇಷ್ಟು ಹೇಳಲು ಎರಡು ನಿಮಿಷ ಸಾಕು. ಆದರೆ ಟಿವಿಯವರಿಗೆ ಈ ನೆಂಟಸ್ತನ ಬೇಕಾದಾಗ ಮಾತ್ರ ನೆನಪಾಗುತ್ತದೆ. ಉತ್ತರ ಕೊರಿಯಾ 1998ರಲ್ಲಿ ಒಂದು ರಾಕೆಟ್ ಹಾರಿಸಿ, ತನ್ನ ಉಪಗ್ರಹ ಮೇಲಿನಿಂದ ಹಾಡು ಹಾಡುತ್ತಿದೆ ಎಂದಿತು. ಆ ಹಾಡು ಬೇರೆ ಯಾರ ಕಿವಿಗೂ ಬೀಳಲಿಲ್ಲ, ಅದು ಬಿಡಿ. 2012ರ ಡಿಸೆಂಬರಿನಲ್ಲಿ ನಿಜವಾಗಿಯೂ ಒಂದು ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗಲೂ ಸುದ್ದಿಯಲ್ಲಿ "ಕ್ಷಿಪಣಿ" ಅಂತಲೇ ಬಂತು. ಅನುಮಾನ ತಪ್ಪಲ್ಲ, ಇಂಜಿನ್ ಒಂದೇ ತಾನೇ? ಆದರೆ 1992ರಲ್ಲಿ ಅಮೆರಿಕ ಇದೇ ಅನುಮಾನವನ್ನು ನಮ್ಮ ಮೇಲೆ ಹಾಕಿತ್ತು. ರಷ್ಯಾದಿಂದ ಕ್ರಯೋಜೆನಿಕ್ ಇಂಜಿನ್, ಅಂದರೆ ಅತಿ ತಣ್ಣನೆಯ ಇಂಧನದಿಂದ ಓಡುವ ಇಂಜಿನ್ನಿನ ತಂತ್ರಜ್ಞಾನ ತರುವುದಕ್ಕೆ ಅಡ್ಡ ನಿಂತು ಇಸ್ರೋ ಮೇಲೆ ನಿರ್ಬಂಧ ಹೇರಿತು. ಆ ಇಂಜಿನ್ನಿಗೆ ಮೈನಸ್ 253 ಡಿಗ್ರಿಯ ಹೈಡ್ರೋಜನ್ ಬೇಕು. ಹಾರಿಸುವ ಮುಂಚೆ ಗಂಟೆಗಟ್ಟಲೆ ತುಂಬುತ್ತಾ ಕೂರಬೇಕು. ಯುದ್ಧಕ್ಕೆ ಹೊರಟವರು ಅಷ್ಟು ಹೊತ್ತು ಕಾಯುತ್ತಾರಾ?

ನಮ್ಮ ಓಣಿಯ ನ್ಯಾಯ ಇದೇ. ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ನಮ್ಮ ಹುಡುಗ ಬಾಟಲಿಯಲ್ಲಿಟ್ಟು ಹಚ್ಚಿದರೆ ಅದು ರಾಕೆಟ್. ಪಕ್ಕದ ಮನೆಯವನು ಹಚ್ಚಿದ್ದು ನಮ್ಮ ಬಣವೆಗೆ ಬಿದ್ದರೆ ಕ್ಷಿಪಣಿ. ನಮ್ಮದೇ ಅವರ ಬಣವೆಗೆ ಬಿದ್ದರೆ "ಹೋಗ್ಲಿ ಬಿಡ್ರಿ, ಗಾಳಿ ಇತ್ತು."

ಗೋಲಗುಂಬಜವೇ ಎಷ್ಟೋ ವಾಸಿ. ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದೆ, ಆದರೆ ಕೂಗಿದ್ದೇ ಕೇಳಿಸುತ್ತದೆ. ಇಸ್ರೋ "ಭೂ ವೀಕ್ಷಣೆ" ಅಂದದ್ದು ಟಿವಿಯ ಗುಮ್ಮಟದಲ್ಲಿ ಸುತ್ತಿ ಏಳನೇ ಸಲಕ್ಕೆ "ಬ್ರಹ್ಮಾಸ್ತ್ರ" ಆಗಿ ಹೊರಬರುತ್ತದೆ.

ಊರ ಇನ್ನೊಂದು ಕಡೆ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಕೂತಿದೆ. ಸುಮಾರು 55 ಟನ್ ತೂಕದ ತೋಪು. ಬಾಯಿ ನೋಡಿದರೆ ಸಿಂಹ ಆನೆಯನ್ನು ಕಚ್ಚಿ ಹಿಡಿದಂತೆ. ಇದನ್ನು ಹಾರಿಸುವವನು ಬತ್ತಿಗೆ ಬೆಂಕಿ ಇಟ್ಟ ಕೂಡಲೇ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದನಂತೆ. ಊರಲ್ಲಿ ಹಾಗೊಂದು ಕಥೆ.

ಮುಂದಿನ ಉಡಾವಣೆಯ ದಿನಾಂಕ ಬಂದಿದೆ ಎಂದು ಹೋಟೆಲ್ ಮಾಲೀಕರು ಮೊನ್ನೆ ಹೇಳಿದರು. ಅವರ ಹಿತ್ತಲಲ್ಲಿ ಪಾತ್ರೆ ತೊಳೆಯುವ ತೊಟ್ಟಿ ಒಂದಿದೆ. ಇಬ್ಬರು ಹಿಡಿಸಬಹುದು. ನನಗೂ ಆ ರೈತರಿಗೂ ಜಾಗ ಇಟ್ಟಿರಿ ಎಂದು ಹೇಳಿ ಬಂದಿದ್ದೇನೆ.