ವಿಷದ ಕಸ ಸುಡಲಿ, ಆದರೆ ಲೆಕ್ಕ ಗೇಟಿನ ಮುಂದೆ ಇರಲಿ

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ನಾಲ್ಕು ದಶಕ ಬಿದ್ದಿದ್ದ 337 ಟನ್ ವಿಷದ ಕಸವನ್ನು 2025ರಲ್ಲಿ ಮಧ್ಯಪ್ರದೇಶದ್ದೇ ಕೈಗಾರಿಕಾ ಊರು ಪೀಥಂಪುರಕ್ಕೆ ಸಾಗಿಸಿ ಸುಟ್ಟರು. ಕಂಟೇನರ್‌ಗಳು ಬಂದಿಳಿದಾಗ ಅಲ್ಲಿನ ಜನ ಬೀದಿಗಿಳಿದರು. ವಿಷ ಸುಟ್ಟರೆ ವಿಷದ ಹೊಗೆ ಬರಲ್ವಾ ಅನ್ನೋದು ಅವರ ಭಯ. ಆ ಭಯವನ್ನು ಅಜ್ಞಾನ ಅಂದವರ ಮೇಲೆ ನನಗೆ ಸಿಟ್ಟಿದೆ. ಬೆಂಕಿ ಸರಿಯಿಲ್ಲದಿದ್ದರೆ ಖಂಡಿತ ಬರುತ್ತದೆ. ಕಾಂಪೌಂಡ್ ಹಿಂದೆ ರಾತ್ರೋರಾತ್ರಿ ರಬ್ಬರ್, ಪೇಂಟ್ ಡಬ್ಬ ಸುಡುತ್ತಾರಲ್ಲ, ಆ ಕಪ್ಪು ಹೊಗೆಯೆಲ್ಲ ಅರ್ಧಂಬರ್ಧ ಸುಟ್ಟದ್ದೇ.

ಸರಿಯಾದ ಇನ್ಸಿನರೇಟರ್‌ನಲ್ಲಿ, ಅಂದರೆ ಕಸ ಸುಡುವ ಕುಲುಮೆಯಲ್ಲಿ, ಎರಡು ಕೋಣೆ ಇರುತ್ತವೆ. ಮೊದಲನೆಯದರಲ್ಲಿ ಕಸ ಉರಿಯುತ್ತದೆ. ಅದರಿಂದೆದ್ದ ಅನಿಲ ಎರಡನೆಯದಕ್ಕೆ ಹೋಗಿ, ಸುಮಾರು 1100 ಡಿಗ್ರಿಯಲ್ಲಿ, ಸಾಕಷ್ಟು ಗಾಳಿಯ ಜೊತೆ, ಕನಿಷ್ಠ 2 ಸೆಕೆಂಡ್ ಇರಬೇಕು. ಕೀಟನಾಶಕದಂಥ ಗಟ್ಟಿ ರಾಸಾಯನಿಕವೂ ಅಷ್ಟರಲ್ಲಿ ಒಡೆದುಹೋಗುತ್ತದೆ.

ಅಪಾಯ ಮುಗಿಯಿತು ಅಂದುಕೊಳ್ಳುವ ಹೊತ್ತಿಗೇ ಇನ್ನೊಂದು ಕಾದಿರುತ್ತದೆ. ಅನಿಲ ನಿಧಾನವಾಗಿ ಆರಿದರೆ, 450ರಿಂದ 200 ಡಿಗ್ರಿ ನಡುವೆ, ಕ್ಲೋರಿನ್ ಸೇರಿ ಡಯಾಕ್ಸಿನ್ ಎಂಬ ಕಡುವಿಷ ಮತ್ತೆ ಹುಟ್ಟುತ್ತದೆ. ಅದಕ್ಕೇ ನೀರು ಚಿಮುಕಿಸಿ ಕ್ಷಣದಲ್ಲಿ ತಣ್ಣಗಾಗಿಸುತ್ತಾರೆ. ಆಮೇಲೆ ಆಮ್ಲ ಹೀರಲು ಸುಣ್ಣ, ಪಾದರಸ ಮತ್ತು ಡಯಾಕ್ಸಿನ್ ಹಿಡಿಯಲು ಇದ್ದಿಲ ಪುಡಿ, ಧೂಳು ತಡೆಯಲು ಬಟ್ಟೆಯ ಫಿಲ್ಟರ್ ಚೀಲ. ಇಷ್ಟೆಲ್ಲ ದಾಟಿ ಚಿಮಣಿಯಿಂದ ಹೊರಬರುವ ಗಾಳಿಯಲ್ಲಿ ಡಯಾಕ್ಸಿನ್ ಮಿತಿ ಘನ ಮೀಟರಿಗೆ 0.1 ನ್ಯಾನೋಗ್ರಾಂ.

ಲೋಹ ಮಾತ್ರ ಎಷ್ಟು ಸುಟ್ಟರೂ ಇಲ್ಲವಾಗುವುದಿಲ್ಲ. ಸೀಸ ಬೂದಿಯಲ್ಲಿ ಕೂರುತ್ತದೆ. ಪೀಥಂಪುರದಲ್ಲಿ ಗಂಟೆಗೆ ಹೆಚ್ಚೆಂದರೆ 270 ಕೆಜಿಯಂತೆ ಸುಟ್ಟರು. ಸುಣ್ಣವೂ ಸೇರಿದ್ದರಿಂದ ಸುಟ್ಟ ಕಸಕ್ಕಿಂತ ಉಳಿದ ಬೂದಿಯ ತೂಕವೇ ಜಾಸ್ತಿಯಾಯಿತು. ಅದನ್ನೆಲ್ಲಿ ಹೂಳಬೇಕು ಅನ್ನೋ ತಕರಾರು ಹೈಕೋರ್ಟ್ ಮುಂದೆ ಹೋಯಿತು.

ಹಾಗಾಗಿ ನಮ್ಮ ಕಲಬುರಗಿ ಕಡೆಯ ಸಿಮೆಂಟ್ ಗೂಡುಗಳಂಥವನ್ನು ಇದಕ್ಕೆ ಬಳಸೋದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಲ್ಲಿ ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಬೇಯಲು ಹೇಗೂ 1450 ಡಿಗ್ರಿ ಬೇಕು, ಉರಿಯ ನಾಲಗೆ 2000ದ ಹತ್ತಿರ ಇರುತ್ತದೆ. ಆಮ್ಲವನ್ನು ಅಲ್ಲಿರುವ ಸುಣ್ಣವೇ ಹೀರುತ್ತದೆ. ಬೂದಿ ಕ್ಲಿಂಕರ್‌ನೊಳಗೇ ಸೇರಿಹೋಗುತ್ತದೆ, ಕಲ್ಲಿದ್ದಲೂ ಸ್ವಲ್ಪ ಉಳಿತಾಯವಾಗುತ್ತದೆ. ಆದರೆ ಪಾದರಸ ಜಾಸ್ತಿ ಇರುವ ಕಸ ಅಲ್ಲಿಗೆ ಹೋಗಲೇಬಾರದು, ಅದು ಆವಿಯಾಗಿ ಚಿಮಣಿ ಸೇರುತ್ತದೆ. ಗೂಡು ಹೊತ್ತಿಸುವಾಗ, ಆರಿಸುವಾಗಲೂ ಈ ಕಸ ಹಾಕಬಾರದು, ಆಗ ಕಾವು ಸಾಲದು.

ನನ್ನ ತಕರಾರು ಇರೋದು ಮುಚ್ಚಿಡೋದರ ಬಗ್ಗೆ. ಕಾರ್ಬನ್ ಮಾನಾಕ್ಸೈಡ್ ಏರಿದರೆ ಬೆಂಕಿ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಕೂಡಲೇ ಕಸ ಹಾಕೋದು ತಾನಾಗಿ ನಿಲ್ಲಬೇಕು. ಈ ಅಂಕಿ ಕಂಟ್ರೋಲ್ ರೂಮಿನ ಪರದೆಯಲ್ಲಿ ಪ್ರತಿ ಕ್ಷಣ ಓಡುತ್ತಿರುತ್ತದೆ. ಅದನ್ನು ಗೇಟಿನ ಹೊರಗೆ, ಕನ್ನಡದಲ್ಲಿ, ದೊಡ್ಡ ಬೋರ್ಡಿನಲ್ಲಿ ತೋರಿಸಲು ಏನು ಕಷ್ಟ? ನಿಮ್ಮೂರ ಹತ್ತಿರ ಇಂಥ ಘಟಕ ಇದ್ದರೆ ಗ್ರಾಮಸಭೆಯಲ್ಲಿ ಕೇಳಿ: ಈ ತಿಂಗಳು ಎಷ್ಟು ಸಲ ಕಸ ಹಾಕೋದು ನಿಂತಿತು, ಯಾಕೆ ನಿಂತಿತು, ಬೂದಿ ಎಲ್ಲಿಗೆ ಹೋಯಿತು?